ಎಡ ಹೆಗಲು ಅರ್ಧ ಇಂಚು ಇಳಿಕೆ

ಪಿಯುಸಿ ಮುಗಿಸಿ ಬೆಂಗಳೂರಿನ ಒಂದು ಅನಿಮೇಷನ್ ಕಾಲೇಜಿನ ಸಂದರ್ಶನಕ್ಕೆ ಹೋದಾಗ ನನ್ನ ಕಂಕುಳಲ್ಲಿ ಇಪ್ಪತ್ತೆರಡು ಹಾಳೆಯ ಫೈಲು ಇತ್ತು. ಎಲ್ಲವೂ ಮುಖಗಳು. ರಾಜ್‌ಕುಮಾರ್, ವಿಷ್ಣುವರ್ಧನ್, ಶಂಕರ್‌ನಾಗ್, ಕುವೆಂಪು. ಫೋಟೋ ಮೇಲೆ ಚೌಕಳಿ ಎಳೆದು, ಪೆನ್ಸಿಲ್ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೆರಳು ಕೊಟ್ಟಿದ್ದೆ. ಅರಸೀಕೆರೆಯ ನಮ್ಮಪ್ಪನ ಟೈಲರ್ ಅಂಗಡಿಗೆ ಬಂದವರೆಲ್ಲ “ಥೇಟ್ ಫೋಟೋ ಇದ್ದಂಗೇ ಐತಲ್ಲ” ಅಂದಿದ್ದರು.

ಸಂದರ್ಶನಕ್ಕೆ ಕೂತಿದ್ದವರು ನಾಲ್ಕು ಹಾಳೆ ತಿರುವಿ ಫೈಲು ಮುಚ್ಚಿದರು. ಬಾಗಿಲ ಬಳಿ ಅಟೆಂಡರ್ ಒಬ್ಬರು ಇಪ್ಪತ್ತು ಲೀಟರಿನ ನೀರಿನ ಕ್ಯಾನು ಎತ್ತುತ್ತಿದ್ದರು. “ಅವರನ್ನ ಬರಿಯಮ್ಮ” ಅಂದರು. ನಾನು ಹುಬ್ಬಿನಿಂದ ಶುರು ಮಾಡಿದೆ. ಎರಡನೇ ಹುಬ್ಬಿಗೆ ಬರುವಷ್ಟರಲ್ಲಿ ಕ್ಯಾನು ತನ್ನ ಜಾಗದಲ್ಲಿ ಕೂತಿತ್ತು, ಅಟೆಂಡರ್ ಹೊರಟೂ ಹೋಗಿದ್ದರು.

ಆ ವರ್ಷ ಸೀಟು ಸಿಗಲಿಲ್ಲ. ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಒಂದು ವರ್ಷ ಭಾನುವಾರದ ಫಿಗರ್ ಡ್ರಾಯಿಂಗ್ ತರಗತಿಗೆ ಹೋದೆ. ಮಿಕ್ಕ ದಿನ ಬೀದಿಯಲ್ಲಿ ಬರೆದೆ. ಮರುವರ್ಷ ಸೀಟು ಸಿಕ್ಕಿತು. ಈಗ ಹನ್ನೊಂದು ವರ್ಷದಿಂದ ಅನಿಮೇಟರ್ ಕೆಲಸ. ಸಲಹೆ ಕೇಳಿ ಬರುವ ಹುಡುಗ ಹುಡುಗಿಯರ ಫೈಲು ತೆರೆದರೆ ಇಂದಿಗೂ ಅವೇ ಮುಖಗಳು, ನಟರು ಮಾತ್ರ ಬೇರೆ. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಕ್ರಿಯಾಪದದಿಂದ ಶುರು ಮಾಡಿ

ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾರು, ಏನನ್ನು, ಎಲ್ಲಿ, ಯಾವ ಹೊತ್ತಲ್ಲಿ ಎಂದೆಲ್ಲ ಹೇಳಿಯಾದ ಮೇಲೆ ‘ಎತ್ತಿದ’ ಅಥವಾ ‘ಬಿದ್ದ’. ಚಿತ್ರದಲ್ಲಿ ಇದು ತಿರುವುಮುರುವು. ಹಾಳೆಯ ಮೇಲೆ ಮೊದಲು ಬೀಳಬೇಕಾದದ್ದು ‘ಎತ್ತುತ್ತಿದ್ದಾನೆ’. ಅವನು ಯಾರು, ಮೂಗು ಹೇಗಿದೆ, ಅಂಗಿಗೆ ಎಷ್ಟು ಗುಂಡಿ ಎಂಬುದೆಲ್ಲ ಆಮೇಲೆ, ಹೊತ್ತು ಉಳಿದಿದ್ದರೆ.

ಹೀಗೆ ಬರೆಯುವುದಕ್ಕೆ ಜೆಸ್ಚರ್ ಎನ್ನುತ್ತಾರೆ. ನಮ್ಮ ಭಾನುವಾರದ ಮೇಷ್ಟ್ರು ಮೊದಲ ಅರ್ಧ ಗಂಟೆ ಮೂವತ್ತು ಸೆಕೆಂಡಿನ ಪೋಸ್ ಮಾತ್ರ ಕೊಡಿಸುತ್ತಿದ್ದರು. ಮೂವತ್ತಾದ ಕೂಡಲೇ ಚಪ್ಪಾಳೆ, ಮುಂದಿನ ಪೋಸ್. ಮೊದಲ ದಿನ ನನ್ನ ಹಾಳೆಯ ತುಂಬ ತಲೆಗಳು, ಒಂದಕ್ಕೂ ಮುಂಡವಿಲ್ಲ. ಮೇಷ್ಟ್ರು ಬಗ್ಗಿ ನೋಡಿ, “ಇದೇನಮ್ಮ, ಕುರುಕ್ಷೇತ್ರದ ಹದಿನೆಂಟನೇ ದಿನವಾ?” ಅಂದರು.

ಅವರು ಕಲಿಸಿದ್ದು ಸರಳ. ಮೊದಲ ಗೆರೆ ಕತ್ತಿನ ಹಿಂಭಾಗದಿಂದ ಹೊರಟು ಬೆನ್ನಿನಗುಂಟ ಇಳಿದು ಭಾರ ಹೊತ್ತ ಪಾದದವರೆಗೆ ಒಂದೇ ಉಸಿರಲ್ಲಿ ಬರಬೇಕು. ಆಮೇಲೆ ಹೆಗಲಿನ ಓರೆಗೆ ಒಂದು ಗೆರೆ, ಸೊಂಟದ ಓರೆಗೆ ಇನ್ನೊಂದು. ತಲೆ ಒಂದು ಮೊಟ್ಟೆ, ಕೈಕಾಲು ಬೀಸುಗೆರೆ. ಇಷ್ಟಕ್ಕೆ ಮೂವತ್ತು ಸೆಕೆಂಡು ಧಾರಾಳ. ಮಣಿಕಟ್ಟಿನಿಂದ ಬರೆದರೆ ಗೆರೆ ಕುಂಟುತ್ತದೆ, ಹೆಗಲಿನಿಂದ ಬರೆಯಿರಿ. ನಿಂತು ಬರೆದರೆ ಇನ್ನೂ ವಾಸಿ.

ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಕಲಿಸುತ್ತಿದ್ದ ಕಿಮನ್ ನಿಕೊಲೈಡಿಸ್ ಅವರ ‘ದಿ ನ್ಯಾಚುರಲ್ ವೇ ಟು ಡ್ರಾ’ ಪುಸ್ತಕ ಅವರು ತೀರಿಕೊಂಡ ಮೇಲೆ 1941ರಲ್ಲಿ ಬಂತು. ಅದರ ಪಾಠಕ್ರಮ ಶುರುವಾಗುವ ಕಡೆಯೇ ಜೆಸ್ಚರ್ ಇದೆ. ಡಿಸ್ನಿಯ ವಾಲ್ಟ್ ಸ್ಟ್ಯಾಂಚ್‌ಫೀಲ್ಡ್ ಅಲ್ಲಿನ ಅನಿಮೇಟರ್‌ಗಳಿಗೆ ಹಂಚುತ್ತಿದ್ದ ಟಿಪ್ಪಣಿಗಳು 2009ರಲ್ಲಿ ‘ಡ್ರಾನ್ ಟು ಲೈಫ್’ ಹೆಸರಿನಲ್ಲಿ ಎರಡು ಸಂಪುಟಗಳಾಗಿ ಬಂದವು. ಅನಿಮೇಷನ್ ಕಲಿಯುವವರು ಒಂದೇ ಪುಸ್ತಕ ಕೊಳ್ಳುವುದಾದರೆ ನಾನು ಸ್ಟ್ಯಾಂಚ್‌ಫೀಲ್ಡ್ ಅವರದ್ದನ್ನು ಕೊಳ್ಳಿ ಎನ್ನುತ್ತೇನೆ. ನಿಕೊಲೈಡಿಸ್ ಹೇಳಿದಷ್ಟು ಗಂಟೆ ಅಭ್ಯಾಸ ಮಾಡಲು ಮಠ ಸೇರಬೇಕು.

ನನ್ನದೇ ಒಂದು ಉಪಾಯವಿದೆ. ಬರೆಯುವ ಮೊದಲು ಹಾಳೆಯ ಮೂಲೆಯಲ್ಲಿ ಕ್ರಿಯಾಪದವನ್ನು ಅಕ್ಷರದಲ್ಲಿ ಬರೆಯುತ್ತೇನೆ. ‘ನಿಂತಿದ್ದಾನೆ’ ನಡೆಯುವುದಿಲ್ಲ, ಅದು ಸೋಮಾರಿ ಪದ. ಒರಗಿದ್ದಾನೋ, ವಾಲಿದ್ದಾನೋ? ಒರಗಿದವನ ಭಾರವನ್ನು ಗೋಡೆ ಹೊತ್ತಿರುತ್ತದೆ. ವಾಲಿದವನ ಭಾರ ಅವನ ಮೇಲೇ ಇರುತ್ತದೆ, ಇನ್ನಷ್ಟು ವಾಲಿದರೆ ಬೀಳುತ್ತಾನೆ. ಜೋಲುವುದು, ತೂಕಡಿಸುವುದು, ಕುಕ್ಕರಿಸುವುದು, ಚಕ್ಕಳಮಕ್ಕಳ ಹಾಕುವುದು: ನಮ್ಮ ಮಾತಿನಲ್ಲಿ ಒಂದೊಂದಕ್ಕೂ ಬೆನ್ನುಮೂಳೆ ಬೇರೆ ಬೇರೆ ಥರ ಬಾಗುತ್ತದೆ.

2. ಭಾರ ಯಾವ ಕಾಲ ಮೇಲಿದೆ?

ಒಂದು ದಾರಕ್ಕೆ ಗುಂಡಿ ಕಟ್ಟಿ ಜೇಬಿನಲ್ಲಿಟ್ಟುಕೊಳ್ಳಿ. ನನ್ನದು ಅಪ್ಪನ ಡಬ್ಬಿಯಿಂದ ಎತ್ತಿಕೊಂಡ ಕೋಟಿನ ಗುಂಡಿ. ಮಾಡೆಲ್ ಒಂದು ಕಾಲ ಮೇಲೆ ಭಾರ ಹಾಕಿ ನಿಂತಾಗ ದಾರವನ್ನು ಕಣ್ಣೆದುರು ಇಳಿಬಿಟ್ಟು, ಅವರ ಕತ್ತಿನ ಗುಳಿಗೆ ಸರಿಹೊಂದಿಸಿ. ಗುಂಡಿ ಹೆಚ್ಚುಕಡಿಮೆ ಆ ಕಾಲಿನ ಹರಡಿನ ಹತ್ತಿರ ಬಂದು ನಿಲ್ಲುತ್ತದೆ. ನಿಮ್ಮ ಚಿತ್ರದಲ್ಲಿ ಹಾಗೆ ನಿಲ್ಲದಿದ್ದರೆ ಆ ಮನುಷ್ಯ ಬೀಳುತ್ತಿದ್ದಾನೆ ಎಂದು ಲೆಕ್ಕ. ನೋಡಿದವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಎನ್ನಿಸುತ್ತದೆ.

ಭಾರ ಹೊತ್ತ ಕಾಲಿನ ಕಡೆ ಸೊಂಟ ಏಳುತ್ತದೆ. ಸಮತೋಲಕ್ಕಾಗಿ ಅದೇ ಕಡೆಯ ಹೆಗಲು ಇಳಿಯುತ್ತದೆ. ಆ ಪಕ್ಕೆ ಮಡಚಿಕೊಳ್ಳುತ್ತದೆ, ಇನ್ನೊಂದು ಪಕ್ಕೆ ಹಿಗ್ಗುತ್ತದೆ. ಪಾಶ್ಚಾತ್ಯ ಪುಸ್ತಕಗಳು ಇದನ್ನು ಗ್ರೀಕರ ಶಿಲ್ಪದಿಂದ ವಿವರಿಸುತ್ತವೆ. ನಮ್ಮ ಜಿಲ್ಲೆಯ ಮಕ್ಕಳು ಅಷ್ಟು ದೂರ ಹೋಗಬೇಕಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಸೂರಿನ ಕೆಳಗಿನ ಮದನಿಕೆಯರನ್ನು ನೋಡಿ. ಶಾಲೆಯಿಂದ ಮೂರು ಸಲ ಪ್ರವಾಸಕ್ಕೆ ಹೋಗಿದ್ದೆ, ಮೂರು ಸಲವೂ ಕನ್ನಡಿ ಹಿಡಿದವಳ ಆಭರಣ ನೋಡಿ ಬಂದಿದ್ದೆ. ನಾಲ್ಕನೇ ಸಲ ಗುಂಡಿ ಕಟ್ಟಿದ ದಾರದ ಜೊತೆ ಹೋದಾಗ ಅವಳ ಸೊಂಟ ಕಾಣಿಸಿತು. ತಲೆ, ಎದೆ, ಸೊಂಟ ಒಂದೊಂದೂ ಒಂದೊಂದು ದಿಕ್ಕಿಗೆ ಬಾಗಿವೆ, ಆದರೂ ಇಡೀ ಮೈ ನಿಂತ ನಿಲುವಿನಲ್ಲಿ ಭದ್ರವಾಗಿದೆ. ಆ ಕುಸುರಿಯನ್ನೆಲ್ಲ ಕೆರೆದು ತೆಗೆದರೂ ಭಂಗಿ ಉಳಿಯುತ್ತದೆ.

ಸಂದರ್ಶನದ ದಿನದ ಅಟೆಂಡರನ್ನು ಆಮೇಲೆ ಎಷ್ಟೋ ಸಲ ನೆನಪಿನಿಂದ ಬರೆದಿದ್ದೇನೆ. ಇಪ್ಪತ್ತು ಲೀಟರು ಅಂದರೆ ಇಪ್ಪತ್ತು ಕಿಲೋ. ಅದು ಎದೆಯ ಮುಂದಿದ್ದಾಗ ಬೆನ್ನು ಹಿಂದಕ್ಕೆ ಹೋಗದೆ ಮನುಷ್ಯ ನಿಲ್ಲಲಾರ. ಮೊದಮೊದಲು ನಾನು ಬರೆದವರೆಲ್ಲ ಖಾಲಿ ಕ್ಯಾನು ಹಿಡಿದವರಂತೆ ನೆಟ್ಟಗಿದ್ದರು.

3. ತಲೆ ಲೆಕ್ಕ ಕಲಿಯಿರಿ, ಟೇಪು ಹಿಡಿದವರನ್ನೂ ಕೇಳಿ

ಆಂಡ್ರ್ಯೂ ಲೂಮಿಸ್‌ರ 1943ರ ಪುಸ್ತಕದಲ್ಲಿ ಆದರ್ಶ ಮನುಷ್ಯ ಎಂಟು ತಲೆ ಎತ್ತರ. ನಿಜವಾದ ಜನ ಏಳೂವರೆಯ ಆಸುಪಾಸು, ಒಂದು ವರ್ಷದ ಮಗು ಸುಮಾರು ನಾಲ್ಕು ತಲೆ. ನಮ್ಮ ಶಿಲ್ಪಶಾಸ್ತ್ರದ ಲೆಕ್ಕ ತಲೆಯದ್ದಲ್ಲ, ತಾಳದ್ದು. ಹನ್ನೆರಡು ಅಂಗುಲಕ್ಕೆ ಒಂದು ತಾಳ. ಮುಖದ ಉದ್ದವೂ ಅಷ್ಟೇ, ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗಿನ ಅಂಗೈಯೂ ಅಷ್ಟೇ. ಈಗಲೇ ಅಂಗೈಯನ್ನು ಮುಖದ ಮೇಲಿಟ್ಟು ನೋಡಿ. ಗಲ್ಲದಿಂದ ಕೂದಲಿನ ಅಂಚಿನವರೆಗೆ ಬರುತ್ತದೆ. ಹೊಸಬರ ಚಿತ್ರಗಳಲ್ಲಿ ಕೈಗಳು ಗೊಂಬೆಯ ಕೈಯಂತೆ ಚಿಕ್ಕದಾಗಿರುವುದು ಇದನ್ನು ಅಳೆದು ನೋಡದೆ ಇರುವುದರಿಂದ.

ಇನ್ನೆರಡು ಗುರುತು ಸಾಕು. ಮೊಣಕೈ ಸೊಂಟದ ಮಟ್ಟಕ್ಕೆ ಬರುತ್ತದೆ, ಬೆರಳ ತುದಿ ತೊಡೆಯ ನಡುವಿಗೆ. ಎತ್ತರದ ಅರ್ಧ ಹೊಕ್ಕುಳಲ್ಲಿಲ್ಲ, ಅದಕ್ಕಿಂತ ಕೆಳಗೆ, ಕಾಲು ಕವಲೊಡೆಯುವ ಜಾಗದಲ್ಲಿದೆ.

ಇಷ್ಟು ಕಲಿತು ರಜೆಗೆ ಊರಿಗೆ ಹೋದಾಗ ಅಪ್ಪನ ಮುಂದೆ ಎಂಟು ತಲೆಯ ಮನುಷ್ಯನನ್ನು ಬರೆದು ತೋರಿಸಿದೆ. ಅಪ್ಪ ಕನ್ನಡಕ ಏರಿಸಿ, “ಇವ್ನಿಗೆ ಅಂಗಿ ಹೊಲಿಯಕ್ಕೆ ಟೈಲರ್ ಯಾಕೆ, ರೆಡಿಮೇಡ್ ಸಾಕು” ಅಂದು ಅಳತೆ ಪುಸ್ತಕ ಮುಂದೆ ಇಟ್ಟರು. ಹೆಸರು, ಎದೆ, ಸೊಂಟ, ತೋಳು. ಕೆಲವರ ಮುಂದೆ ಒಂದು ಸಣ್ಣ ಟಿಪ್ಪಣಿ: ಎಡ ಹೆಗಲು ಅರ್ಧ ಇಂಚು ಇಳಿಕೆ. ಬೆನ್ನು ಗೂನು. ಹೊಟ್ಟೆ ಮುಂದೆ. ನಲವತ್ತು ವರ್ಷದ ಅನುಭವದಲ್ಲಿ ಎರಡೂ ಹೆಗಲು ಒಂದೇ ಮಟ್ಟ ಇರುವವರನ್ನು ತಾವು ಕಂಡಿಲ್ಲ, ಕೋಟು ಹೊಲಿಯುವಾಗ ಇಳಿದ ಕಡೆ ಒಳಗೆ ಪ್ಯಾಡು ದಪ್ಪ ಕೊಡುತ್ತೇವೆ ಎಂದರು.

ಅನಿಮೇಷನ್‌ನಲ್ಲಿ ಎರಡೂ ಬೇಕು. ಒಂದು ಪಾತ್ರವನ್ನು ಹತ್ತು ಜನ ಬರೆಯುವಾಗ ಎಲ್ಲರ ಕೈಯಲ್ಲೂ ಅದು ಅದೇ ಪಾತ್ರವಾಗಿರಲು ಮಾಡೆಲ್ ಶೀಟಿನಲ್ಲಿ ಎಷ್ಟು ತಲೆ ಎತ್ತರ ಎಂದು ಗೆರೆ ಹಾಕಿರುತ್ತಾರೆ. ಆ ಪಾತ್ರ ಯಾರೋ ಒಬ್ಬರು ಅನ್ನಿಸುವುದು ಇಳಿದ ಅರ್ಧ ಇಂಚಿನಿಂದ.

4. ಚಲಿಸುವ ಮೂಳೆ ಮೊದಲು

ಮೂರು ತಿಂಗಳು ನಾನು ಸ್ನಾಯುಗಳ ಚಾರ್ಟು ಬರೆದು ಹಾಳು ಮಾಡಿದೆ. ಲ್ಯಾಟಿನ್ ಹೆಸರುಗಳು ಬಾಯಿಪಾಠ. ಆಮೇಲೆ ಬರೆದ ಮನುಷ್ಯರೆಲ್ಲ ಚರ್ಮ ಸುಲಿದವರಂತೆ ಕಾಣತೊಡಗಿದರು, ಚಿಕ್ಕಮ್ಮ ದೇವರ ಮನೆಯ ಪಕ್ಕದ ಗೋಡೆಗೆ ಅಂಟಿಸಿದ್ದನ್ನು ತೆಗೆಸಿದರು.

ಅನಿಮೇಟರಿಗೆ ಬೇಕಾದ ಅನಾಟಮಿ ಬಾಗಿಲಿನ ಕೀಲು ತಿಳಿದ ಬಡಗಿಯದ್ದು. ಯಾವುದು ಎಲ್ಲಿ ತಿರುಗುತ್ತದೆ, ಎಷ್ಟು ತಿರುಗುತ್ತದೆ, ಅದು ತಿರುಗಿದಾಗ ಜೊತೆಗೆ ಇನ್ನೇನು ಏಳಬೇಕು. ಕೈ ಮೇಲೆತ್ತುವುದು ಹೆಗಲಿನ ಕೀಲೊಂದರ ಕೆಲಸವಲ್ಲ. ತಲೆಯ ಮೇಲಕ್ಕೆ ಹೋಗಬೇಕಾದರೆ ಬೆನ್ನಿನ ಹೆಗಲಹಲಗೆ ತಿರುಗಬೇಕು, ಎದೆಯ ಮೇಲಿನ ಕಾಲರ್ ಮೂಳೆ ಓರೆಯಾಗಿ ಏಳಬೇಕು. ಇದು ಬಿಟ್ಟುಹೋದರೆ ಕೈಯನ್ನು ಆಮೇಲೆ ಮೊಳೆ ಹೊಡೆದು ಜೋಡಿಸಿದಂತಿರುತ್ತದೆ. ಕಂಪ್ಯೂಟರಿನಲ್ಲಿ ಕೆಲಸ ಮಾಡುವವರಿಗೂ ಇದೇ ತಾಪತ್ರಯ. ಪಾತ್ರವನ್ನು ಕದಲಿಸಲು ಅದರೊಳಗೆ ಕಟ್ಟಿದ ಎಲುಬುಗೂಡಿನಲ್ಲಿ, ಅಂದರೆ ರಿಗ್‌ನಲ್ಲಿ, ಹೆಗಲಿನ ಕಂಟ್ರೋಲು ಬೇರೆ ಇರುತ್ತದೆ, ಹೊಸಬರು ಅದನ್ನು ಮುಟ್ಟುವುದೇ ಇಲ್ಲ.

ಮುಂಗೈಯಲ್ಲಿ ಎರಡು ಮೂಳೆ. ಅಂಗೈ ಮೇಲಿದ್ದಾಗ ಅಕ್ಕಪಕ್ಕ, ಅಂಗೈ ಕವುಚಿದರೆ ಒಂದು ಇನ್ನೊಂದರ ಮೇಲೆ ಹಾಯುತ್ತದೆ. ಬೀಗ ತಿರುಗಿಸುವಾಗ ಇನ್ನೊಂದು ಕೈಯಲ್ಲಿ ಮುಟ್ಟಿ ನೋಡಿಕೊಳ್ಳಿ. ಕಾಲಿನ ಹರಡಿನ ಎರಡು ಗಂಟುಗಳಲ್ಲಿ ಒಳಗಿನದು ಮೇಲೆ, ಹೊರಗಿನದು ಕೆಳಗೆ. ಈ ಒಂದು ಓರೆ ಸರಿಯಾದರೆ ಪಾದ ನೆಲ ಹಿಡಿಯುತ್ತದೆ.

ಮೈಸೂರಿನ ಗರಡಿ ಮನೆಯೊಂದರಲ್ಲಿ ಉಸ್ತಾದರ ಅಪ್ಪಣೆ ಕೇಳಿ ಒಂದು ಬೆಳಿಗ್ಗೆ ಹೊರಗಿನಿಂದ ಕೂತು ಬರೆದಿದ್ದೇನೆ. ಗದೆ ತಿರುಗಿಸುವವರ ಬೆನ್ನಲ್ಲಿ ಹೆಗಲಹಲಗೆಗಳು ಚರ್ಮದ ಕೆಳಗೆ ಜಾರುವುದನ್ನು ನೋಡಿದ ಮೇಲೆ ನನಗೆ ಚಾರ್ಟು ಬೇಕಾಗಲಿಲ್ಲ.

5. ರಬ್ಬರ್ ಮನೆಯಲ್ಲಿ ಬಿಟ್ಟು ಹೋಗಿ

ಬಾಲ್‌ಪೆನ್ನಿನಲ್ಲಿ ಬರೆಯಿರಿ. ತಪ್ಪಿದರೆ ಪಕ್ಕದಲ್ಲೇ ಇನ್ನೊಂದು ಗೆರೆ. ನ್ಯೂಸ್‌ಪ್ರಿಂಟ್ ಹಾಳೆಯನ್ನು ಕಟ್ಟುಗಟ್ಟಲೆ ಕೊಳ್ಳಿ, ಅಗ್ಗವಾಗಿದ್ದಷ್ಟೂ ಒಳ್ಳೆಯದು. ದುಬಾರಿ ಕಾಗದದ ಮುಂದೆ ಕೈ ಹೆದರುತ್ತದೆ. ನನ್ನ ಬಳಿ ಇಂದಿಗೂ ಒಂದು ಗೆರೆಯನ್ನೂ ಕಾಣದ ಆಮದು ಸ್ಕೆಚ್‌ಬುಕ್ ಇದೆ, ಮದುವೆಗೆ ಬಂದ ಉಡುಗೊರೆ.

6. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವವರನ್ನು ಹುಡುಕಿ

ಕಾಲೇಜಿನಲ್ಲಿ ಮಾಡೆಲ್ ಕದಲುವುದಿಲ್ಲ. ಬೀದಿಯಲ್ಲಿ ಯಾರೂ ನಿಲ್ಲುವುದಿಲ್ಲ. ನಡುವೆ ಒಂದು ಜಾತಿಯ ಜನರಿದ್ದಾರೆ, ಕದಲುತ್ತಲೇ ಇದ್ದು ಅದೇ ಭಂಗಿಗೆ ಹಿಂತಿರುಗುವವರು. ಇಸ್ತ್ರಿ ಗಾಡಿಯವರು, ಕೆ.ಆರ್. ಮಾರುಕಟ್ಟೆಯಲ್ಲಿ ಹೂ ಕಟ್ಟುವವರು, ಕಾವಲಿಯ ಮುಂದಿನ ದೋಸೆ ಭಟ್ಟರು, ಎಳನೀರು ಕೊಚ್ಚುವವರು. ಒಂದು ಸುತ್ತಿನಲ್ಲಿ ತಪ್ಪಿದ್ದು ಮುಂದಿನ ಸುತ್ತಿನಲ್ಲಿ ಸಿಗುತ್ತದೆ.

ನನ್ನ ಪಾಲಿಗೆ ದೊಡ್ಡ ಪಾಠಶಾಲೆ ಆದದ್ದು ಊರಿನ ತೆಂಗಿನಕಾಯಿ ಗೋದಾಮು. ನೆಲಕ್ಕೆ ನೆಟ್ಟ ಚೂಪು ಕಬ್ಬಿಣಕ್ಕೆ ಕಾಯಿ ಕುಕ್ಕಿ ಸಿಪ್ಪೆ ಸುಲಿಯುವ ಕೆಲಸ. ಅದನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಬರೆಯಲು ಕೂತಾಗ ಗೊತ್ತಾಯಿತು, ಏನೂ ನೋಡಿರಲಿಲ್ಲ. ನನ್ನ ಮೊದಲ ಚಿತ್ರದಲ್ಲಿ ಕಾಯಿ ಕಬ್ಬಿಣಕ್ಕೆ ತಾಗುವ ಕ್ಷಣ ಇತ್ತು, ಜೀವ ಇರಲಿಲ್ಲ. ಎರಡು ಗಂಟೆ ಕೂತ ಮೇಲೆ ಒಂದೊಂದೇ ಬಿಡಿಸಿಕೊಂಡಿತು. ಕೆಳಕ್ಕೆ ಕುಕ್ಕುವ ಮೊದಲು ಇಡೀ ಮೈ ಒಂದಿಷ್ಟು ಮೇಲಕ್ಕೆ ಏಳುತ್ತದೆ, ಹಿಮ್ಮಡಿ ಸಮೇತ. ಕುಕ್ಕುವಾಗ ತೋಳು ಬಲ ಹಾಕುವುದಿಲ್ಲ, ಮಂಡಿ ಸಡಿಲವಾಗಿ ಮೈಭಾರವೇ ಬೀಳುತ್ತದೆ. ಆಮೇಲೆ ಮಣಿಕಟ್ಟಿನ ತಿರುವು, ಒಂದು ಮೊಣಕೈ ಎದ್ದು ಇನ್ನೊಂದು ಇಳಿಯುತ್ತದೆ. ಸುಲಿದ ಕಾಯಿ ರಾಶಿಗೆ ಹಾರುವಾಗ ಕಣ್ಣು ಆಗಲೇ ಮುಂದಿನ ಕಾಯಿಯ ಮೇಲಿರುತ್ತದೆ.

ಈ ಮೇಲೇಳುವುದಕ್ಕೆ ಅನಿಮೇಷನ್‌ನಲ್ಲಿ ಆಂಟಿಸಿಪೇಷನ್ ಎನ್ನುತ್ತಾರೆ. ಯಾವುದೇ ಕ್ರಿಯೆಗೆ ಮೊದಲು ಅದರ ಎದುರು ದಿಕ್ಕಿನ ಸಣ್ಣ ಸಿದ್ಧತೆ. ಸಿನಿಮಾಗೆ ಸೆಕೆಂಡಿಗೆ 24 ಫ್ರೇಮು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮು ಹಿಡಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಆ ಹನ್ನೆರಡರಲ್ಲಿ ಮುಖ್ಯವಾದವು ಎರಡು ಮೂರು; ಮಿಕ್ಕವು ಅವುಗಳನ್ನು ಬೆಸೆಯುವವು. ಗೋದಾಮಿನಲ್ಲಿ ಕೂತು ಹುಡುಕುತ್ತಿದ್ದದ್ದು ಆ ಎರಡು ಮೂರನ್ನು. ಹಾಳೆಯನ್ನು ನಾಲ್ಕು ಮನೆ ಮಾಡಿ, ಒಂದೊಂದು ಸುತ್ತಿಗೂ ಒಂದೇ ಭಂಗಿಯನ್ನು ಹಿಡಿದು ಅದರದರ ಮನೆಗೆ ತುಂಬಿಸುತ್ತಿದ್ದೆ. ನೋಡುವುದು ಐದು ಸೆಕೆಂಡು, ಆಮೇಲೆ ಕಣ್ಣು ಮುಚ್ಚಿ ರೆಪ್ಪೆಯೊಳಗೆ ಉಳಿದದ್ದನ್ನು ಬರೆಯುವುದು. ನೆನಪಿನ ಈ ಅಭ್ಯಾಸ ಮಾಡದವರು ಕೆಲಸಕ್ಕೆ ಸೇರಿದ ಮೇಲೆ ಒದ್ದಾಡುತ್ತಾರೆ. ಸ್ಟುಡಿಯೋದಲ್ಲಿ ಯಾವ ರಾಕ್ಷಸನೂ ಬಂದು ಎದುರು ನಿಲ್ಲುವುದಿಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು. ಮೆಜೆಸ್ಟಿಕ್‌ನಲ್ಲಿ ಒಬ್ಬಳೇ ಕೂತು ಗಂಡಸರನ್ನು ದಿಟ್ಟಿಸಿ ಬರೆಯುವುದು ಹೇಳಿದಷ್ಟು ಸುಲಭವಲ್ಲ. ನಾನು ಬಸ್ಸು ಕಾಯುವವರ ಬೆನ್ನಿನಿಂದ ಶುರು ಮಾಡಿದೆ. ಬೆನ್ನಿಗೆ ಕಣ್ಣಿಲ್ಲ, ಕಲಿಯುವುದಕ್ಕೆ ಬೇಕಾದ್ದೆಲ್ಲ ಇದೆ. ಯಾರಾದರೂ ಬಗ್ಗಿ ನೋಡಿ “ಏನಮ್ಮಾ ಬರೀತಾ ಇದೀಯ?” ಅಂದರೆ ಪುಸ್ತಕ ಮುಚ್ಚಬೇಡಿ, ತೋರಿಸಿ. ಹೂ ಕಟ್ಟುವ ಅಜ್ಜಿಯೊಬ್ಬರು ತಮ್ಮ ಚಿತ್ರ ನೋಡಿ “ನಾನೇನ್ ಇಷ್ಟ್ ಬಗ್ಗಿದೀನಾ?” ಅಂದು ನೆಟ್ಟಗೆ ಕೂತುಬಿಟ್ಟರು. ಅವತ್ತಿನ ಕೆಲಸ ಅಲ್ಲಿಗೆ ಮುಗಿಯಿತು.

7. ಕಪ್ಪು ಬಳಿದು ನೋಡಿ

ಬರೆದದ್ದನ್ನು ಒಳಗೆಲ್ಲ ಕಪ್ಪು ತುಂಬಿ, ದೂರದಿಂದ ನೋಡಿ. ಏನು ನಡೆಯುತ್ತಿದೆ ಎಂದು ಗೊತ್ತಾಗಬೇಕು. ಕಾಫಿ ಲೋಟ ಎದೆಯ ನೇರಕ್ಕೆ ಹಿಡಿದವನು ಕಪ್ಪಾದ ಕೂಡಲೇ ಕಂಬವಾಗುತ್ತಾನೆ. ಅದೇ ಲೋಟವನ್ನು ಪಕ್ಕಕ್ಕೆ ತಂದರೆ ಮೈಗೂ ತೋಳಿಗೂ ನಡುವೆ ಬೆಳಕಿನ ತ್ರಿಕೋನ ಮೂಡುತ್ತದೆ. ಆ ತ್ರಿಕೋನವನ್ನೂ ಒಂದು ವಸ್ತು ಎಂದುಕೊಂಡು ಬರೆಯಿರಿ, ತೋಳು ತಾನೇ ಸರಿಯಾಗುತ್ತದೆ. ತೊಗಲುಗೊಂಬೆಯಾಟ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಪರದೆಗೆ ಒತ್ತಿದ ಚಪ್ಪಟೆ ತೊಗಲು, ನಾಲ್ಕಾರು ಕೀಲು, ಮುಖದಲ್ಲಿ ಒಂದು ಗೆರೆಯೂ ಕದಲದು. ಆದರೂ ಹನುಮಂತ ಸಿಟ್ಟಾಗಿದ್ದಾನೆಂದು ಹಿಂದಿನ ಸಾಲಿನ ಮಗುವಿಗೂ ತಿಳಿಯುತ್ತದೆ.

8. ಬಟ್ಟೆಯ ಕೆಳಗೆ ಮಂಡಿ ಎಲ್ಲಿದೆ?

ಪುಸ್ತಕಗಳಲ್ಲೆಲ್ಲ ಬೆತ್ತಲೆ ಮೈಗಳು. ನಮ್ಮ ತರಗತಿಯಲ್ಲಿ ಸೀರೆ ಉಟ್ಟವರು, ಪಂಚೆ ಕಟ್ಟಿದವರು. ಇದನ್ನು ಕೊರತೆ ಎಂದುಕೊಂಡು ಕೊರಗುವವರನ್ನು ಕಂಡಿದ್ದೇನೆ. ನಾನೂ ಸ್ವಲ್ಪ ದಿನ ಕೊರಗಿದೆ. ಆದರೆ ಅನಿಮೇಷನ್ ಪಾತ್ರಗಳಲ್ಲಿ ಹೆಚ್ಚಿನವು ಬಟ್ಟೆ ತೊಟ್ಟೇ ಓಡಾಡುತ್ತವೆ.

ಅಪ್ಪ ಹೇಳುವ ಪ್ರಕಾರ ಬಟ್ಟೆಗೆ ಎರಡೇ ಕೆಲಸ, ಎಳೆಯುವುದು ಮತ್ತು ಜೋಲುವುದು. ಟ್ರಯಲ್ ನೋಡುವಾಗ ಅವರು ಗಿರಾಕಿಗೆ ಕೈ ಎತ್ತಿ ಎನ್ನುತ್ತಾರೆ. ಕಂಕುಳಿಂದ ಸುಕ್ಕುಗಳು ಕಿರಣದ ಹಾಗೆ ಹೊರಟರೆ ಅಲ್ಲಿ ಬಿಗಿ ಇದೆ ಎಂದು ಅರ್ಥ, ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಚಿತ್ರಕ್ಕೂ ಇಷ್ಟೇ ಸಾಕು. ಬಟ್ಟೆ ಯಾವ ಯಾವ ಬಿಂದುವಿನಿಂದ ತೂಗುತ್ತಿದೆ ಎಂದು ಹುಡುಕಿ: ಹೆಗಲು, ಮೊಣಕೈ, ಸೊಂಟ, ಮಂಡಿ. ಸುಕ್ಕುಗಳು ಆ ಬಿಂದುಗಳ ನಡುವೆ ಓಡುತ್ತವೆ. ಮಿಕ್ಕ ಸುಕ್ಕುಗಳನ್ನು ಬರೆಯದಿದ್ದರೆ ಯಾರೂ ಕೇಳುವುದಿಲ್ಲ. ಕೂತ ಹೆಂಗಸಿನ ಸೀರೆಯ ನೆರಿಗೆಯನ್ನು ಒಂದೂ ಬಿಡದೆ ಬರೆದು ಮಂಡಿಯನ್ನೇ ಮರೆತ ಚಿತ್ರ ನನ್ನ ಹತ್ತಿರ ಈಗಲೂ ಇದೆ. ಸೀರೆ ಅಂಗಡಿಯ ಕಿಟಕಿಯಲ್ಲಿ ಮಡಿಸಿಟ್ಟ ಹಾಗೆ ಕಾಣುತ್ತದೆ.

9. ಫೋಟೋ ನೋಡಿ, ನಕಲು ಮಾಡಬೇಡಿ

ಫೋನಿನ ಕ್ಯಾಮೆರಾ ಹತ್ತಿರದಿಂದ ತೆಗೆದರೆ ಮುಂದಿನ ಕೈ ಊದಿಕೊಳ್ಳುತ್ತದೆ, ಹಿಂದಿನ ಪಾದ ಕುಗ್ಗುತ್ತದೆ. ಕಣ್ಣೆದುರಿನ ಮನುಷ್ಯನನ್ನು ಬರೆದು ಬಲ್ಲವರಿಗೆ ಈ ಮೋಸ ಕಾಣುತ್ತದೆ, ಉಳಿದವರು ಅದನ್ನೂ ನಿಷ್ಠೆಯಿಂದ ನಕಲು ಮಾಡುತ್ತಾರೆ. ಫೋಟೋ ಬೇಕೇ ಬೇಕು ಎಂದಾದರೆ ಎಡ್ವರ್ಡ್ ಮೈಬ್ರಿಜ್ ಅವರದ್ದನ್ನು ನೋಡಿ. 1878ರಲ್ಲಿ ಓಡುವ ಕುದುರೆಯನ್ನು ಸಾಲು ಕ್ಯಾಮೆರಾಗಳಲ್ಲಿ ಹಿಡಿದವರು ಅವರು. 1887ರಲ್ಲಿ ಮನುಷ್ಯರು, ಪ್ರಾಣಿಗಳು ನಡೆಯುವ, ಜಿಗಿಯುವ, ಎತ್ತುವ 781 ಫಲಕಗಳನ್ನು ಹೊರತಂದರು. ಅನಿಮೇಟರ್‌ಗಳು ಇಂದಿಗೂ ಅವನ್ನು ತಿರುವುತ್ತಾರೆ.

ಡಿಸ್ನಿಯವರಿಗೂ ಈ ಪಾಠ ಪುಕ್ಕಟೆ ಸಿಗಲಿಲ್ಲ. 1932ರಲ್ಲಿ ಶೂನಾರ್ಡ್ ಕಲಾಶಾಲೆಯ ಡಾನ್ ಗ್ರಹಾಂ ಅವರನ್ನು ಕರೆಸಿ ಸ್ಟುಡಿಯೋದೊಳಗೇ ಸಂಜೆ ಫಿಗರ್ ಡ್ರಾಯಿಂಗ್ ತರಗತಿ ಶುರು ಮಾಡಿದರು. 1937ರ ‘ಸ್ನೋ ವೈಟ್’ಗಾಗಿ ನರ್ತಕಿಯೊಬ್ಬಳನ್ನು ಚಿತ್ರೀಕರಿಸಿಕೊಂಡರು. ಆ ಫಿಲ್ಮನ್ನು ಹಾಗೇ ಗೆರೆಗೆ ಇಳಿಸಿದರೆ ಪಾತ್ರ ತೇಲಿದಂತೆ, ಸತ್ತಂತೆ ಕಾಣುತ್ತಿತ್ತು. ಬೇಕಾದ್ದನ್ನು ಆಯ್ದು, ಹಿಗ್ಗಿಸಿ, ಬೇಡದ್ದನ್ನು ಬಿಟ್ಟಾಗಲೇ ಅದಕ್ಕೆ ಉಸಿರು ಬಂದದ್ದು. ಹಾಗೆ ಆಯಲು ಸಂಜೆಯ ತರಗತಿಯಲ್ಲಿ ಪಳಗಿದ ಕಣ್ಣು ಬೇಕಿತ್ತು. ಆ ಸ್ಟುಡಿಯೋದಲ್ಲಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಜನ್‌ಗೆ ಬಂದು ನಮ್ಮವರಿಗೆ ಕಲಿಸಿದರು, ಮರುವರ್ಷ ‘ದಿ ಬನ್ಯನ್ ಡೀರ್’ ತಯಾರಾಯಿತು. ಮುಂದೆ ಭಾರತೀಯ ಅನಿಮೇಷನ್‌ಗೆ ಹಿರಿಯರಾದ ರಾಮ್ ಮೋಹನ್ ಕಲಿತದ್ದು ಅಲ್ಲಿಯೇ.

10. ಪೋರ್ಟ್‌ಫೋಲಿಯೋಗೆ ಏನು ಹಾಕಬೇಕು

ಎರಡನೇ ಸಂದರ್ಶನಕ್ಕೆ ನಾನು ಒಯ್ದದ್ದು ಹದಿನಾಲ್ಕು ಹಾಳೆ. ತೆಂಗಿನಕಾಯಿ ಗೋದಾಮಿನ ನಾಲ್ಕು, ಜೆಸ್ಚರ್‌ಗಳಿಂದ ತುಂಬಿದ ಐದು, ಕೈ ಪಾದಗಳದ್ದೊಂದು, ನಿಧಾನವಾಗಿ ಕೂತು ಬರೆದ ದೊಡ್ಡ ಚಿತ್ರ ಎರಡು, ಒಂದು ಮೇಕೆ, ಮಲಗಿದ ಚಿಕ್ಕಪ್ಪ. ಜೊತೆಗೆ ಮೂಲೆ ಮುದುರಿದ ಸ್ಕೆಚ್‌ಬುಕ್. ನೋಡಿದವರು ಹೆಚ್ಚು ಹೊತ್ತು ತಿರುವಿದ್ದು ಸ್ಕೆಚ್‌ಬುಕ್ಕನ್ನೇ. ತಪ್ಪಿದ ಪುಟ ಹರಿಯಬೇಡಿ, ಪ್ರತಿ ಹಾಳೆಗೂ ತಾರೀಖು ಮತ್ತು ಎಷ್ಟು ನಿಮಿಷ ಎಂಬುದನ್ನು ಹಾಕಿ. ಎರಡು ನಿಮಿಷದ್ದು ಎರಡು ನಿಮಿಷದ್ದಾಗಿ ಕಾಣಬೇಕು. ಮನೆಗೆ ಹೋಗಿ ನೆರಳು ತುಂಬಿ ‘ಪೂರ್ತಿ’ ಮಾಡಿದ ಜೆಸ್ಚರನ್ನು ಅನುಭವಿಗಳು ದೂರದಿಂದಲೇ ಹಿಡಿಯುತ್ತಾರೆ. ಕಾರ್ಟೂನು, ಜಪಾನಿ ಅನಿಮೆ ಪಾತ್ರಗಳ ನಕಲು ಬೇಡ. ನಟರ ಮುಖ ಹಾಕಲೇಬೇಕು ಎಂದು ಮನೆಯವರು ಹಠ ಹಿಡಿದರೆ ಒಂದು ಹಾಕಿ, ಕೊನೆಯಲ್ಲಿ.

11. ಮಾಡೆಲ್ ಹಣ್ಣಿನ ಬುಟ್ಟಿಯಲ್ಲ

ನಮ್ಮ ಭಾನುವಾರಗಳಿಗೆ ಬರುತ್ತಿದ್ದವರು ಅರವತ್ತು ದಾಟಿದ ಒಬ್ಬರು. ಮೊದಲು ಹಮಾಲಿ ಕೆಲಸ ಮಾಡುತ್ತಿದ್ದವರು. ನಾವೆಲ್ಲ ‘ತಾತ’ ಅನ್ನುತ್ತಿದ್ದೆವು. ಕೈ ಮೇಲೆತ್ತಿ ಎರಡು ನಿಮಿಷ ನಿಲ್ಲುವುದು ಎಂಥ ಕೆಲಸ ಎಂದು ನಮಗೆ ತಿಳಿದದ್ದು ಮೇಷ್ಟ್ರು ನಮ್ಮನ್ನೇ ಸರದಿಯಲ್ಲಿ ಸ್ಟೂಲು ಹತ್ತಿಸಿದಾಗ. ನಲವತ್ತನೇ ಸೆಕೆಂಡಿಗೆ ನನ್ನ ಹೆಗಲು ನಡುಗಿತು. ಕ್ಲಾಸಿಗೆ ಹೊಸದಾಗಿ ಸೇರಿದ್ದ ಹುಡುಗನೊಬ್ಬ ಕೇಳದೆ ಫೋನಿನಲ್ಲಿ ತಾತನ ಫೋಟೋ ತೆಗೆದಾಗ ಮೇಷ್ಟ್ರು ಅವನ ಕೈಯಲ್ಲೇ ಅಳಿಸಿ ಹಾಕಿಸಿ, ತಾತನ ಮುಂದೆ ಕ್ಷಮೆ ಕೇಳಿಸಿದರು. ಎಷ್ಟು ನಿಮಿಷದ ಪೋಸ್ ಎಂದು ಮೊದಲೇ ಹೇಳಿ. ನಿಂತ ಜಾಗಕ್ಕೆ ಸೀಮೆಸುಣ್ಣದಲ್ಲಿ ಪಾದದ ಗುರುತು ಹಾಕಿ, ಇಳಿದು ಬಂದ ಮೇಲೆ ಮತ್ತೆ ಅಲ್ಲೇ ನಿಲ್ಲಬಹುದು. ಫ್ಯಾನು ಅವರಿಗೆ ಬೇಕಾದ ಹಾಗೆ ತಿರುಗಲಿ. ಹಣವನ್ನು ಕವರಿನಲ್ಲಿಟ್ಟು ಅದೇ ದಿನ ಕೊಡಿ, ಮುಂದಿನ ವಾರಕ್ಕೆ ಮುಂದೂಡಬೇಡಿ.

ಚಹಾದ ಹೊತ್ತಿಗೆ ತಾತ ಬೋರ್ಡುಗಳ ನಡುವೆ ಓಡಾಡಿ ನೋಡುತ್ತಿದ್ದರು. ಆರು ತಿಂಗಳಲ್ಲಿ ಒಂದು ಮಾತೂ ಆಡಿರಲಿಲ್ಲ. ಒಂದು ಭಾನುವಾರ ಗೋಡೆಗೆ ಒರಗಿಸಿಟ್ಟ ಹಳೇ ಹಾಳೆಗಳ ಮುಂದೆ ನಿಂತು ಒಂದನ್ನು ಬೆರಳಲ್ಲಿ ತೋರಿಸಿದರು. “ಇದು ಮಂಡಿ ನೋವು ಜಾಸ್ತಿಯಾಗಿದ್ ದಿನದ್ದು.” ನಾನು ಹತ್ತಿರ ಹೋಗಿ ನೋಡಿದೆ. ನನ್ನದಲ್ಲ. ಸೇರಿ ಮೂರೇ ವಾರವಾಗಿದ್ದ ಹುಡುಗಿಯೊಬ್ಬಳು ಇದ್ದಿಲಲ್ಲಿ ಬರೆದದ್ದು. ಮುಖವಿಲ್ಲ, ಕೈಗೆ ಬೆರಳಿಲ್ಲ, ಒಂದು ಕಡೆ ಅಂಗೈ ತಾಗಿ ಮಸಿ ಹರಡಿದೆ. ಬೆನ್ನಿನ ಗೆರೆ ಮಾತ್ರ ಬಲಗಾಲನ್ನು ತಪ್ಪಿಸಿಕೊಂಡು ಎಡಗಾಲಿಗೆ ಇಳಿದಿತ್ತು.

ತಾತ ಲೋಟ ಕೆಳಗಿಟ್ಟು ಸ್ಟೂಲು ಹತ್ತಿದರು. ಮೇಷ್ಟ್ರು ಚಪ್ಪಾಳೆ ತಟ್ಟಿದರು.